ಅಂಟಿಕೊಂಡ ಜಾಗ

ಅಮ್ಮಾ,

ಇವತ್ತು ಹೊಟ್ಟೆನೋವಿನ ಮಸಾಜ್ ಚಿಕಿತ್ಸೆಗೆ ಕೊನೆಯ ಸಲ ಹೋಗಿ ಬಂದೆ. ಚಿಕ್ಕವಳಿದ್ದಾಗಿನ ಅಪೆಂಡಿಕ್ಸ್ ಆಪರೇಷನ್ ಮಾಗುವಾಗ ಒಳಗೆಲ್ಲ ಒಂದಕ್ಕೊಂದು ಅಂಟಿಕೊಂಡು ಗರ್ಭನಾಳಗಳು ಮುಚ್ಚಿಹೋಗಿವೆ ಎಂದು ಡಾಕ್ಟರು ಹೇಳಿದ್ದು ನೀನು ತೀರಿಕೊಂಡ ಮೇಲೆ. ನಿನಗೆ ಗೊತ್ತಾಗಲಿಲ್ಲವಲ್ಲ, ಅಷ್ಟೇ ಸಮಾಧಾನ.

ಮಸಾಜ್ ಮಾಡುವ ಅಕ್ಕ ಅಂಗೈ ಉಜ್ಜಿ ಬಿಸಿ ಮಾಡಿಕೊಂಡು, ಹಳೇ ಹೊಲಿಗೆಯ ಸುತ್ತ ಮೆಲ್ಲಗೆ ಒತ್ತುತ್ತಾ ಕೇಳಿದರು: "ಅಪೆಂಡಿಕ್ಸ್ ಒಳಗೇ ಒಡೆದುಹೋಗೋವರೆಗೂ ಯಾಕೆ ಬಿಟ್ರಿ? ಮನೇಲಿ ಯಾರಿಗೂ ಹೇಳ್ಲಿಲ್ವಾ?"

ಆ ಬೆಳಿಗ್ಗೆ ನೀನು ನನ್ನ ಹೊದಿಕೆ ಎಳೆದು, "ಪರೀಕ್ಷೆ ಅಂದ ಕೂಡ್ಲೇ ಹೊಟ್ಟೆನೋವು! ನಾಟಕ ಸಾಕು, ಏಳು" ಎಂದು ನಕ್ಕಿದ್ದೆ. ನಾನು ಎದ್ದು ಹೋದೆ. ಪರೀಕ್ಷೆ ಬರೆಯುತ್ತಲೇ ಕುಸಿದುಬಿದ್ದೆ.

"ನಾನೇ ಹೇಳ್ಲಿಲ್ಲ. ಗೊತ್ತಾದ ತಕ್ಷಣ ಅಮ್ಮ ಎತ್ಕೊಂಡು ಓಡಿದ್ಲು" ಅಂದೆ. ಎರಡನೆಯ ಮಾತು ನಿಜ ತಾನೇ?

ಕೊನೆಗೆ ಆ ಅಕ್ಕ ಟವೆಲ್ ಹೊದಿಸಿ, "ನೋವು ಇನ್ನು ಅಷ್ಟಾಗಿ ಕಾಡಲ್ಲ. ಆದ್ರೆ ಮಗು ವಿಷಯದಲ್ಲಿ ಸುಳ್ಳು ಆಸೆ ತೋರಿಸಲ್ಲಮ್ಮ. ಮುಚ್ಚಿರೋ ನಾಳ ತೆರೆಯೋದು ನನ್ನ ಕೈಲಾಗಲ್ಲ" ಎಂದರು.

ಹೊರಗೆ ಕಾಯುತ್ತಿದ್ದ ಇವರು ನನ್ನ ಮುಖ ನೋಡಿದರು. ಬಗ್ಗಿ ನನ್ನ ಚಪ್ಪಲಿ ಹುಡುಕಿ ಕಾಲ ಬಳಿ ಇಟ್ಟರು.

ಈಗ ಮನೆಯಲ್ಲಿ ಮಂಚದ ಮೇಲೆ ಕೂತಿದ್ದೇನೆ. ನೋವು ನಿಜಕ್ಕೂ ಕಡಿಮೆಯಾಗಿದೆ ಅಮ್ಮ. ಇಷ್ಟು ದಿನ ಯಾರೆದುರಿಗಾದರೂ ಹೊಟ್ಟೆ ಹಿಡಿದುಕೊಂಡು ಅಳಬಹುದಿತ್ತು. ಇನ್ನು ಮೇಲೆ ಏನಂತ ಹೇಳಿ ಅಳಲಿ?