ಹಕ್ಕಿದಿಬ್ಬದ ತಲೆಕೆಳಗಾದ ಮಣ್ಣು

ಮಳೆ ತಪ್ಪಿದ ಎಂಬತ್ತೊಂದನೆಯ ವರ್ಷ, ಗಾಳಿ ತಿಂಗಳ ನಲವತ್ತನಾಲ್ಕನೆಯ ದಿನ.

ನಮ್ಮ ಹಿರಿಯರಿಗೆ,

ಪೂಜ್ಯರೇ ಎಂದು ಶುರು ಮಾಡಬೇಕಿತ್ತು, ಕೈ ಬರಲಿಲ್ಲ. ನನ್ನ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಮ್ಮಲ್ಲಿ ತಿಂಗಳಿಗೆ ಅರವತ್ತು ದಿನ, ವರ್ಷಕ್ಕೆ ಆರೇ ತಿಂಗಳು. ಮುಂಗಾರು ಎಂಬ ಪದವನ್ನು ಬೈಯುವುದಕ್ಕೆ ಮಾತ್ರ ಬಳಸುತ್ತೇವೆ.

ನಾನು ಪುಟ್ಟಸಿದ್ದಮ್ಮ, ನಾಗುಂದನ ಕೆರೆಯ ಕೆಸರೋದುಗಿತ್ತಿ. ಕೆಸರೋದು ಎಂದರೆ ಕೆರೆಯಂಗಳಕ್ಕೆ ಉದ್ದನೆಯ ಕೊಳವೆ ಇಳಿಸಿ, ಒಳಗೆ ಸಿಕ್ಕ ಮಣ್ಣನ್ನು ಮುರಿಯದಂತೆ ಎತ್ತಿ, ಪದರ ಪದರವಾಗಿ ಬಿಡಿಸಿ ನೋಡುವುದು. ಬೀಜ, ಹೂವಿನ ಪರಾಗ, ಬಸವನಹುಳುವಿನ ಚಿಪ್ಪು ಎಲ್ಲವೂ ಅದರಲ್ಲಿರುತ್ತವೆ. ತಾವರೆ ಬೀಜ ಸಿಕ್ಕರೆ ಆ ಕಾಲದಲ್ಲಿ ನೀರು ತುಂಬಿತ್ತು, ಒಣಹುಲ್ಲಿನ ಪರಾಗವಾದರೆ ಬರ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಮಣ್ಣಿನ ವಯಸ್ಸು ಹೇಳುವ ಯಂತ್ರಗಳು ನಿಮ್ಮ ಕಾಲದಲ್ಲಿದ್ದವಂತೆ, ನಮಗೆ ಉಳಿದಿರುವುದು ಕಣ್ಣು ಮಾತ್ರ. ರಾತ್ರಿ ಇಬ್ಬನಿಗೆ ಹರವಿದ ಬಟ್ಟೆಯನ್ನು ಬೆಳಗ್ಗೆ ಹಿಂಡಿ ಮಕ್ಕಳಿಗೆ ಕುಡಿಸಿ, ಉಳಿದ ಎರಡು ಸೌಟಿನಲ್ಲಿ ನಾವು ಮಣ್ಣು ತೊಳೆಯುತ್ತೇವೆ. ಆ ನೀರನ್ನೂ ಸೋಸಿ ಅಂಬಲಿಗೆ ಹಾಕುತ್ತೇವೆ. ನಿಮಗೆ ಅಸಹ್ಯವಾಗಬಹುದು, ಆಗಲಿ.

ಈ ವಿದ್ಯೆ ಕಲಿಸಿದವರು ನನ್ನ ಸೋದರತ್ತೆ ಮುದ್ದಕ್ಕ. ಐದು ವರ್ಷದ ಹಿಂದೆ ಊರಿನ ಬಾವಿ ತಳ ಕಂಡಾಗ, ಇರುವುದೋ, ಗಂಟುಮೂಟೆ ಕಟ್ಟಿ ಪಡುವಣ ಘಟ್ಟಕ್ಕೆ ಹೊರಡುವುದೋ ಎಂದು ಮುನ್ನೂರು ಜನ ಅತ್ತೆಯನ್ನೇ ಕೇಳಿದರು. ಕೆರೆಯಂಗಳದಲ್ಲಿ ಓದುವುದಕ್ಕೆ ಏನೂ ಇರಲಿಲ್ಲ, ಎಲ್ಲೆಡೆ ಬರೀ ಕೆಂಪು ಗರಸು. ನಡುವೆ, ಏಕೋ ಹಕ್ಕಿದಿಬ್ಬ ಎಂದು ಕರೆಯುವ ಒಂದು ದೊಡ್ಡ ದಿಬ್ಬದಲ್ಲಿ ಮಾತ್ರ ಕಪ್ಪು ಮಣ್ಣು ಉಳಿದಿತ್ತು. ಸುತ್ತಲಿನದನ್ನು ಗಾಳಿ ಒಯ್ದಿರಬೇಕು ಎಂದುಕೊಂಡೆವು. ಅತ್ತೆ ದಿಬ್ಬಕ್ಕೆ ಕೊಳವೆ ಇಳಿಸಿದರು. ಕೆಳಗಡೆ ಒಣಹುಲ್ಲು, ಅದರ ಮೇಲೆ ಜೊಂಡು, ತೀರಾ ಮೇಲೆ ತಾವರೆ. ಪದರದಿಂದ ಪದರಕ್ಕೆ ನೀರು ಹೆಚ್ಚುತ್ತಲೇ ಬಂದಿತ್ತು. ಇಂಥ ಬರವನ್ನು ದಾಟಿ ಕೆರೆ ಹಿಂದೆಯೂ ಚೇತರಿಸಿಕೊಂಡಿದೆ, ಮತ್ತೆ ತುಂಬುತ್ತದೆ ಎಂದು ಅವರು ಓದಿದರು. ನಾನು ಅನುಮಾನಪಟ್ಟಾಗ ನಕ್ಕು, "ಮನ್ಸ ಸುಳ್ಳೇಳ್ತಾನೆ ಕಣವ್ವ, ಮಣ್ಣು ಯೇಳಾಕಿಲ್ಲ" ಅಂದರು.

ನಾವು ಉಳಿದೆವು. ಕೆರೆ ತುಂಬಲಿಲ್ಲ. ನಾಲ್ಕನೆಯ ಬೇಸಿಗೆಯಲ್ಲಿ ಇಪ್ಪತ್ತಾರು ಜನ ಸತ್ತರು, ಅವರಲ್ಲಿ ಆರು ವರ್ಷದ ನನ್ನ ಮಗಳು ಚಿಟ್ಟಿಯೂ ಒಬ್ಬಳು. ಜನ ಅತ್ತೆಯ ಬಾಗಿಲಿಗೆ ಉಗಿದು ಹೋದರು. ನಾನೂ ಉಗಿದೆ. ಅದನ್ನು ಬರೆಯುವಾಗ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಅತ್ತೆ ಕೊಳವೆ ಮುಟ್ಟುವುದನ್ನೇ ಬಿಟ್ಟರು. ತಮಗೆ ಮಣ್ಣು ಓದಲು ಬರುತ್ತಿರಲಿಲ್ಲ, ಇಷ್ಟು ದಿನ ಬರುತ್ತದೆಂದು ನಟಿಸಿದ್ದಷ್ಟೇ ಎಂದು ಗೊಣಗುತ್ತಲೇ ಹೋದ ತಿಂಗಳು ಹೋಗಿಬಿಟ್ಟರು.

ಅವರಿಗೆ ಗುಣಿ ತೋಡಲು ದಿಬ್ಬದ ಬುಡ ಅಗೆದೆವು. ಅತ್ತೆಯ ಕೊಳವೆ ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಒಣಹುಲ್ಲಿನ ಪದರಕ್ಕೂ ಕೆಳಗೆ, ಎಲ್ಲಕ್ಕಿಂತ ಹಳೆಯದು ಇರಬೇಕಾದ ಜಾಗದಲ್ಲಿ, ನಿಮ್ಮ ಗುಟ್ಕಾ ಚೀಟಿ ಸಿಕ್ಕಿತು. ಅದರ ಪಕ್ಕದಲ್ಲಿ ಗಣಪತಿಯ ಬಣ್ಣದ ಸೊಂಡಿಲು, ಒಂದು ಹಿಡಿ ಥರ್ಮೊಕೋಲ್.

ಆಗ ತಿಳಿಯಿತು. ನೀವು ಹೂಳೆತ್ತಿದ್ದಿರಿ. ಯಂತ್ರ ತಂದು ಗರಸು ಸಿಗುವವರೆಗೆ ಬಗೆದಿರಿ. ನೀರು ಹಿಡಿದಿಡುವ ಜೇಡಿಯನ್ನೂ ಬಿಡಲಿಲ್ಲ. ಬಗೆದದ್ದನ್ನು ನಡುವೆ ಸುರಿದು, ಹಕ್ಕಿ ಕೂರಲು ದ್ವೀಪ ಮಾಡಿದೆವೆಂದು ಚಪ್ಪಾಳೆ ತಟ್ಟಿಕೊಂಡಿರಿ. ಮೊದಲು ಎತ್ತಿದ ಹೊಸ ಮಣ್ಣು ಬುಡಕ್ಕೆ ಬಿತ್ತು, ಕೊನೆಗೆ ಎತ್ತಿದ ಹಳೆಯದು ನೆತ್ತಿಗೆ ಏರಿತು. ನಿಮ್ಮವರ ಹಳೆಯ ಪುಸ್ತಕಗಳ ಲೆಕ್ಕ ಹಿಡಿದರೆ, ಅತ್ತೆ ಕಂಡ ತಾವರೆ ಹತ್ತು ಸಾವಿರ ವರ್ಷ ಹಳೆಯದು. ಬಡಗಣ ದೇಶಗಳಲ್ಲಿ ಹಿಮದ ಹಾಸು ಕರಗಿ ಇಲ್ಲಿ ಮಳೆ ಜೋರಾಗಿ, ಏರಿ ಕಟ್ಟದೆಯೇ ನೀರು ನಿಲ್ಲುತ್ತಿದ್ದ ಕಾಲದ್ದು. ನೀರು ಬಂದು ತುಂಬಿದ ಕಥೆಯೆಂದು ಅವರು ಓದಿದ್ದು, ನೀರು ಬತ್ತುತ್ತಾ ಹೋದ ಕಥೆ. ನೀವು ಕೆಟ್ಟವರಾಗಿದ್ದರೆ ಶಪಿಸಿ ಸುಮ್ಮನಾಗುತ್ತಿದ್ದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇವೆ ಎಂದುಕೊಂಡು ಮಾಡಿದಿರಿ, ಅದೇ ಹೊಟ್ಟೆ ಉರಿಸುತ್ತದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದವರು ನೀವು, ಉಂಡವಳು ಚಿಟ್ಟಿ.

ನಾಳೆ ಉಳಿದವರೆಲ್ಲ ಘಟ್ಟಕ್ಕೆ ಹೊರಡುತ್ತೇವೆ. ಬದುಕುತ್ತೇವೋ ಇಲ್ಲವೋ ಗೊತ್ತಿಲ್ಲ. ನಿಮ್ಮಲ್ಲಿ ಕೇಳುವುದು ಎರಡೇ. ಕೆರೆ ಬಗೆಯುವಾಗ ಒಂದು ಮಂಚದಷ್ಟು ಜಾಗವನ್ನಾದರೂ ಮುಟ್ಟದೆ ಬಿಡಿ. ಸುರಿದ ದಿಬ್ಬದ ಮೇಲೆ ಒಂದು ಕಲ್ಲು ನೆಟ್ಟು, ಇದು ನಾವು ಸುರಿದ ಮಣ್ಣು ಎಂದು ಕೆತ್ತಿಸಿ.

ಅಷ್ಟು ಸಾಕಾಗಿತ್ತು. ನನ್ನ ಅತ್ತೆಗೆ ಅಕ್ಷರವೂ ಓದಲು ಬರುತ್ತಿತ್ತು.