ಕೆಂದೆಂಗಿನ ಬಣ್ಣ

ಅರಳಗುಪ್ಪೆ
೨೦-೧-೨೦೨೫

ಮುದ್ದು ಮಗಳು ಧನಲಕ್ಷ್ಮಿಗೆ,

ನಿನ್ನ ಅಮ್ಮ ಗಟ್ಟಿಮುಟ್ಟಾಗಿದ್ದಾಳೆ, ಸಿಟ್ಟಿನಲ್ಲೂ ಇದ್ದಾಳೆ. ಫೋನಿನಲ್ಲಿ ನೀನು ಟೀಚರ್ ದನಿ ತೆಗೆದರೆ ನನ್ನ ಮಾತು ಅರ್ಧಕ್ಕೇ ನಿಂತುಹೋಗುತ್ತದೆ. ಅದಕ್ಕೇ ಈ ಕಾಗದ. ಇದಕ್ಕೆ ನೀನು ಮಧ್ಯೆ ಬಾಯಿ ಹಾಕಲಾರೆ, ಪೂರ್ತಿ ಓದಲೇಬೇಕು.

ಸಂಕ್ರಾಂತಿಗೆ ಬಂದವಳು ಎಳ್ಳು-ಬೆಲ್ಲ, ಕಾಯಿ, ಹೊಸ ಮಚ್ಚು ಎಲ್ಲ ಚೀಲಕ್ಕೆ ತುಂಬಿಕೊಂಡು ತುರುವೇಕೆರೆ ಬಸ್ಸು ಹತ್ತುವಾಗ ನಗುತ್ತಲೇ ಇದ್ದೆ. ಆಮೇಲೆ ಪಕ್ಕದ ಮನೆ ರಾಮಕ್ಕ ನಿನಗೆ ಫೋನ್ ಮಾಡಿ, "ನಿಮ್ಮವ್ವ ಹಗಲೆಲ್ಲಾ ಟಿವಿ ಮುಂದೆ ಕೂತ್ಕಂಡು ಕತ್ತಿ ಬೀಸ್ತಾಳೆ ಕಣೇ, ಏನೋ ಮೆಟ್ಕಂಡೈತೆ" ಅಂದಳಂತೆ. ನೀನು ಅದನ್ನು ಕೇಳಿಕೊಂಡು, ಬರುವ ಭಾನುವಾರ ಆ ಗೇಮ್ ಮಷೀನನ್ನು ಎತ್ತಿಕೊಂಡು ಹೋಗುತ್ತೇನೆ ಅಂದೆ. ಐವತ್ತೇಳು ವರ್ಷದ ಹೆಂಗಸಿಗೆ ನಾಚಿಕೆ ಆಗಬೇಕು ಅಂತಲೂ ಅಂದೆ. ನನಗೇನೂ ಆಗಿಲ್ಲ.

ಅದನ್ನು ದಸರಾ ರಜದಲ್ಲಿ ಇಲ್ಲಿ ಬಿಟ್ಟುಹೋದವಳು ನಿನ್ನ ಮಗಳು ಜೀವಿತಾನೇ. ಜಪಾನಿನ ಸಮುರಾಯ್ ಒಬ್ಬ ಕೋಟೆಯ ಅಡಿಯ ನೆಲಮಾಳಿಗೆಗೆ ಇಳಿಯುತ್ತಾನೆ. ಒಂದರ ಕೆಳಗೊಂದು ಕತ್ತಲ ಮಾಳಿಗೆಗಳು, ಎಲ್ಲದರಲ್ಲೂ ಭೂತಗಳು. ಅವನ್ನು ಕಡಿದು, ಅದಿರು ಹೊತ್ತು ಮೇಲೆ ಬಂದು, ತನ್ನ ಕತ್ತಿಯನ್ನು ತಾನೇ ಕಾಸಿ ಬಡಿದುಕೊಳ್ಳಬೇಕು. ಜೀವಿತಾಳ ಕತ್ತಿ ಮೂರನೇ ಮಾಳಿಗೆಯಲ್ಲೇ ಮುರಿಯುತ್ತಿತ್ತು. "ವೇಸ್ಟ್ ಗೇಮ್ ಕಣಜ್ಜಿ, ಯಾರೂ ಆಡಲ್ಲ. ತಿಪಟೂರಿನ ಅಂಗಡೀಲೂ ಧೂಳು ಹಿಡ್ದು ಬಿದ್ದಿತ್ತು" ಎಂದು ಎಸೆದು ಹೋದಳು.

ಕತ್ತಿ ಯಾಕೆ ಮುರಿಯುತ್ತದೆಂದು ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ನನಗೆ ಗೊತ್ತಾಗಿತ್ತು. ಕಾಸಿದಷ್ಟೂ ಒಳ್ಳೆಯದೆಂದು ಅವಳು ಕಬ್ಬಿಣ ಬೆಳ್ಳಗಾಗುವ ತನಕ ಬೆಂಕಿಯಲ್ಲೇ ಬಿಡುತ್ತಿದ್ದಳು. ಕೆಂದೆಂಗಿನ ಕಾಯಿಯ ಬಣ್ಣಕ್ಕೆ ಬರುತ್ತಲೇ ತೆಗೆದು ಬಡಿಯಬೇಕು. ಪರದೆಯ ಮೇಲಿನ ಇಂಗ್ಲಿಷು ನನಗೆ ಓದಲು ಬರುವುದಿಲ್ಲ. ಆ ಬಣ್ಣ ಓದಲು ಬರುತ್ತದೆ, ಮಾರಾಯ್ತಿ.

ಹಂದನಕೆರೆಯಲ್ಲಿ ನಿನ್ನ ತಾತನ ಕುಲುಮೆ ಇದ್ದದ್ದು, ನಾನು ಎಂಟನೇ ವಯಸ್ಸಿನಿಂದ ಅಲ್ಲಿ ಗಾಳಿಯ ತಿದಿ ಒತ್ತಿದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದನ್ನು ಈಗ ಹೇಳುತ್ತೇನೆ. ಒಂದು ದಿನ ಸುತ್ತಿಗೆ ಎತ್ತಿದೆ. ಅಪ್ಪ ಕಿತ್ತುಕೊಂಡು, "ಹೆಣ್ಣೆಂಗ್ಸು ಸುತ್ತಿಗೆ ಮುಟ್ಟಬಾರ್ದು ಕಣೇ, ಗಾಳಿ ಒತ್ತು ಸಾಕು" ಅಂದರು. ಅದು ನಿನ್ನ ಸೋದರಮಾವ ಗಂಗಣ್ಣನ ಕೈಗೆ ಹೋಯಿತು. ಅವನಿಗೆ ತೋಳಿನಲ್ಲಿ ಬಲವಿತ್ತು, ಬಣ್ಣದ ಅಂದಾಜು ಮಾತ್ರ ಸೊನ್ನೆ. ದಿನಾ ಬೈಸಿಕೊಳ್ಳುತ್ತಿದ್ದ. ನೋಡಲಾಗದೆ ನಾನು ಅವನ ಜೊತೆ ಗುಟ್ಟಾಗಿ ಒಂದು ಏರ್ಪಾಡು ಮಾಡಿಕೊಂಡೆ. ಬಣ್ಣ ಸರಿಯಾದಾಗ ನಾನು ಕೆಮ್ಮುವುದು, ಅವನು ಕಬ್ಬಿಣ ತೆಗೆಯುವುದು. ಗಂಗಣ್ಣನ ಕೈ ಅಂದರೆ ಅಪ್ಪನ ಕೈಯೇ ಎಂದು ಸುತ್ತ ಹತ್ತೂರು ಹೊಗಳಿತು. ನನಗೆ ಕೆಮ್ಮು ವಾಸಿಯಾಗಲೆಂದು ಅವ್ವ ದಿನಾ ಕಷಾಯ ಕುಡಿಸಿದಳು.

ನಾನು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಗಂಗಣ್ಣನ ಮಚ್ಚು, ಕುಡುಗೋಲು ಬಿರುಕು ಬಿಡತೊಡಗಿದವು. ಈಗಿನ ಕಬ್ಬಿಣವೇ ಸರಿಯಿಲ್ಲ ಎಂದು ಅವನು ಕುಲುಮೆ ಮುಚ್ಚಿ ತೋಟಕ್ಕೆ ಇಳಿದ. ನಾನೂ ಹೌದು, ಕಬ್ಬಿಣವೇ ಸರಿಯಿಲ್ಲ ಎಂದೆ. ಮೂವತ್ತೈದು ವರ್ಷ ಹಾಗೇ ಅನ್ನುತ್ತಾ ಬಂದೆ. ನಾಚಿಕೆ ಇರುವುದು ನನಗೆ ಅದಕ್ಕೆ, ಗೇಮಿಗಲ್ಲ.

ಈ ಆಟದಲ್ಲಿ ತಿದಿಯೂ ನನ್ನದೇ, ಸುತ್ತಿಗೆಯೂ ನನ್ನದೇ. ಕತ್ತಿ ಮುರಿಯದೆ ಮೂರನೇ ಮಾಳಿಗೆ ದಾಟಿದ ದಿನ ಒಬ್ಬಳೇ ಕೂತು ಅತ್ತೆ. ಈಗ ಹದಿನೇಳನೆಯದರಲ್ಲಿದ್ದೇನೆ. ನಿಮ್ಮಪ್ಪ ಮುದ್ದೆ ತಾವೇ ತಿರುವಿಕೊಂಡು, "ಆಡ್ಲಿ ಬುಡು, ನಾನೇನು ಇಸ್ಪೀಟು ಬುಟ್ಟಿದೀನಾ" ಅನ್ನುತ್ತಾರೆ. ರಾಮಕ್ಕನಿಗೂ ಅದನ್ನೇ ಹೇಳಿ ಕಳಿಸಿದರು.

ಭಾನುವಾರ ಧಾರಾಳವಾಗಿ ಬಾ. ಹಿತಕಿದ ಅವರೆಕಾಳಿನ ಸಾರು ಮಾಡಿರುತ್ತೇನೆ. ಜೀವಿತಾಳನ್ನೂ ಕರೆದುಕೊಂಡು ಬಾ, ಪಕ್ಕದಲ್ಲಿ ಕೂರಿಸಿಕೊಂಡು ಬಣ್ಣ ಕಲಿಸುತ್ತೇನೆ. ಮಷೀನು ಮಾತ್ರ ಈ ಮನೆಯ ಹೊಸಿಲು ದಾಟುವುದಿಲ್ಲ. ಒಂದು ಸಲ ಕೈಯಲ್ಲಿದ್ದದ್ದನ್ನು ಕಿತ್ತುಕೊಳ್ಳಲು ಬಿಟ್ಟು ಸುಮ್ಮನಿದ್ದೆ. ಇನ್ನೊಂದು ಸಲ ಬಿಡುವುದಿಲ್ಲ ಕಣೇ.

ನಿನ್ನ ಹಟಮಾರಿ ಅಮ್ಮ,
ರೇವಮ್ಮ

ವಿ.ಸೂ.: ಹೊಸ ಮಚ್ಚು ಹಂದನಕೆರೆ ಕುಲುಮೆಯದು ಎಂದಷ್ಟೇ ಹೇಳಿದ್ದೆ. ನೀನು ಅದು ಒಂದೇ ಏಟಿಗೆ ಕಾಯಿ ಹೋಳು ಮಾಡುತ್ತದೆ, ಗಂಗಣ್ಣ ಮಾವನ ಕೈಗೆ ವಯಸ್ಸೇ ಆಗಿಲ್ಲ ಎಂದು ಹೊಗಳಿದೆಯಲ್ಲ? ದೀಪಾವಳಿ ಕಳೆದ ಮೇಲೆ ನಾನು ಹಂದನಕೆರೆಗೆ ಹೋಗಿ, ಕರಟದ ಇದ್ದಿಲು ತುಂಬಿಸಿ, ಕುಲುಮೆ ಹೊತ್ತಿಸಿದೆ. ಆ ಮಚ್ಚು ಬಡಿದದ್ದು ನಾನು. ಗಂಗಣ್ಣ ತಿದಿ ಒತ್ತಿದ. ಪಾಪ, ಹೊಗೆಗೆ ನಾಲ್ಕೈದು ಸಲ ಕೆಮ್ಮಿದ. ನಾನು ಅವನ ಕಡೆ ತಿರುಗಿಯೂ ನೋಡದೆ, ಬಣ್ಣ ಬಂದಾಗ ಕಬ್ಬಿಣ ತೆಗೆದೆ.