ಶರೀಫಾಬಾಯಿಯ ಎರಡನೆಯ ನುಡಿ

ಮಂಗೋರ್ ಹಿಲ್, ವಾಸ್ಕೋ
೧೪ ನವೆಂಬರ್ ೧೯೮೮

ಕಟ್ಟೆಯ ಮೇಲೆ ನೆರೆದ ಸಮಸ್ತ ಮಹಾಜನರೇ! ಬೀಸುವ ಕಲ್ಲು ನಿಲ್ಲಿಸಿರಿ, ಅಳುವ ಕೂಸುಗಳ ಬಾಯಿಗೆ ಬೆಲ್ಲ ಹಾಕಿರಿ! ಅಕ್ಕನಿಗೆ ನನ್ನ ಪತ್ರ ಬಂದರೆ ಕಂಠೆಪ್ಪ ಮಾವ ಅದನ್ನು ಓಣಿಗೆಲ್ಲ ಕೇಳುವಂತೆ ಓದುತ್ತಾರೆಂದು ನನಗೆ ಗೊತ್ತು. ಓದಲಿ. ಆದರೆ ಮಾವ, ರಾಜನ ಮಾತನ್ನು ರಾಜನ ಹಾಗೆ ಓದಬೇಕು, ಪಂಚಾಯ್ತಿ ನೋಟೀಸಿನ ಹಾಗಲ್ಲ.

ಅಕ್ಕ ಚಂದವ್ವಳಿಗೆ ತಮ್ಮ ಮಲಕಪ್ಪನ ನಮಸ್ಕಾರಗಳು.

ನಿನ್ನ ಎರಡು ಪತ್ರಗಳಿಗೆ ಉತ್ತರ ಬರೆಯದ ಪಾಪಿ ನಾನು. ಬೈದಿರುತ್ತೀ, ಬೈಯಬೇಕಾದದ್ದೇ. ಬಂದರಿನಲ್ಲಿ ಒಂದರ ಹಿಂದೆ ಒಂದು ಹಡಗು. ಅವುಗಳ ಹೊಟ್ಟೆಯೊಳಗೆ ಕೂತು ಸುತ್ತಿಗೆಯಿಂದ ತುಕ್ಕು ಬಡಿದು ಹೊರಬಂದರೆ ಪೆನ್ನು ಹಿಡಿಯುವ ಕಸುವು ಕೈಯಲ್ಲಿ ಉಳಿದಿರುವುದಿಲ್ಲ. ನಿನ್ನ ಮಗಳು ಯಲ್ಲವ್ವ ಹೆಣ್ಣು ಹಡೆದ ಸುದ್ದಿಗೆ ಖೋಲಿಯ ಎಲ್ಲರಿಗೂ ಸಕ್ಕರೆ ಹಂಚಿದೆ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ನಮ್ಮ ಅವ್ವನ ಪದವನ್ನೇ ಹಾಡಬೇಕೆಂಬ ನಿನ್ನ ಹಟವೂ ತಿಳಿಯಿತು. “ಹೊಸ್ತಿಲ ದೀಪವೆ ಆರದಿರು, ಬಂದಾನು” ಎಂಬ ಮೊದಲ ನುಡಿ ನಿನಗೂ ಬರುತ್ತದೆ, ನನಗೂ ಬರುತ್ತದೆ. ಎರಡನೆಯ ನುಡಿ ಅವ್ವನ ಜೊತೆಗೇ ಮಣ್ಣಾಯಿತು. “ನಾಟಕ ಕಂಪನಿ ಶರೀಫಾಬಾಯಿ ಕುಡಚಡೆಗೆ ಹಾಡಾಕ ಬರತಾಳಂತ ಮಂದಿ ಅಂತಾರ. ಅವ್ವ ಆ ಪದಾ ಕಲ್ತಿದ್ದು ಆಕಿ ಬಾಯಿಂದನ. ಕೇಳಿ ಬರದು ಕಳಸೋ ತಮ್ಮಾ” ಎಂದು ಬರೆಸಿದ್ದೆಯಲ್ಲ, ನಿನ್ನೆ ಹೋಗಿ ಬಂದೆ.

ಪರದೆ ಏಳಲಿ!

ನಾವು ಬೆಳೆದ ಕುಡಚಡೆ. ಅಪ್ಪ ಅದಿರು ತುಂಬುತ್ತಿದ್ದ ಕಾಲದ ನಮ್ಮ ತಗಡಿನ ಮನೆ ಸ್ಟೇಷನ್ನಿನ ಹಿಂದೆ ಇತ್ತಲ್ಲ, ಅಲ್ಲಿ ಈಗ ಲಾರಿಗಳು ನಿಲ್ಲುತ್ತವೆ. ನಾಟಕ ಕಂಪನಿ ಡೇರೆ ಹಾಕುತ್ತಿದ್ದ ಮೈದಾನ ಮಾತ್ರ ಉಳಿದಿದೆ. ಅಪ್ಪ ಕಂಪನಿಯವರಿಗೆ ಪರದೆ ಎಳೆಯಲು ಹೋದರೆ ನಾವಿಬ್ಬರೂ ರಂಗದ ಮಗ್ಗುಲಲ್ಲಿ ಕೂತು ರಾಕ್ಷಸನ ಮಾತು ಬಾಯಿಪಾಠ ಮಾಡುತ್ತಿದ್ದೆವು, ನೆನಪಿದೆಯೇ? ನನ್ನ ಖೋಲಿಯ ಜೊತೆಗಾರ ಮೀರಾಸಾಬ ಚಹಾ ಕುಡಿಯಲು ಹೋದ. ನಾನು ಲಾರಿಗಳ ನಡುವೆ ನಮ್ಮ ಒಲೆ ಎಲ್ಲಿತ್ತೆಂದು ಹುಡುಕುತ್ತ ನಿಂತೆ. ನೀನು ಯಾರ ಮಗ ಎಂದು ಕೇಳುವ ಒಂದು ಮುಖವೂ ಕಾಣಲಿಲ್ಲ.

ಸಂಜೆ ಆ ಮೈದಾನದ ರಂಗಕ್ಕೆ ಬಂದರು ಶರೀಫಾಬಾಯಿ! ತಲೆ ಹತ್ತಿಯಂತೆ ಬೆಳ್ಳಗಾಗಿದೆ. ಆದರೆ ಆ ನಡಿಗೆ? ಸಾಕ್ಷಾತ್ ಪಟ್ಟದ ರಾಣಿ! ಹಾರ್ಮೋನಿಯಂ ಮುಂದೆ ಕೂತು ಅವ್ವನ ಪದವನ್ನೇ ಎತ್ತಿಕೊಂಡರು. ಮುದುಕಿಯರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮೊದಲ ಸಾಲಿನಲ್ಲಿದ್ದ ನಾನು, ಅವರ ಬೆರಳು ಮಣೆಗಳಿಂದ ಮೇಲೆದ್ದದ್ದೇ ತಡ, ಎದ್ದು ನಿಂತು, ಕಂಪನಿ ಕಾಲದ ರಿವಾಜಿನಂತೆ “ಒನ್ಸ್ ಮೋರ್!” ಎಂದು ಗುಡುಗಿದೆ.

ಪದ ಇನ್ನೂ ಮುಗಿದಿರಲಿಲ್ಲವಂತೆ!

ಹಿಂದೆ ಕೂತಿದ್ದ ಹೆಂಗಸು ಅಂಗಿ ಜಗ್ಗಿ, “ಯಣ್ಣಾ, ಆಕಿ ಇನ್ನೂ ಹಾಡಾಕತ್ತಾಳ! ನಿನಗ ರೈಲ ತಪ್ಪತೈತೇನು?” ಎಂದಳು. ಮೈದಾನವೆಲ್ಲ ನಕ್ಕಿತು. ಮೀರಾಸಾಬ ನನ್ನ ಕಿವಿಗೆ ಬಾಯಿ ಹಚ್ಚಿ, “ಕುಂದರೋ ಮಾರಾಯಾ, ಮರ್ಯಾದಿ ತಗೀತಿ” ಎಂದ. ಆದರೆ ಶರೀಫಾಬಾಯಿ ಕೈಯೆತ್ತಿ ಎಲ್ಲರನ್ನೂ ತಡೆದರು. “ನಗಬ್ಯಾಡ್ರಿ. ಹಂಗ ಕೂಗಾವ್ರು ಹಳೇ ಕಂಪನಿ ಮಂದಿ. ಇವರ ಸಲುವಾಗಿ ಮೊದಲಿಂದ ಹಾಡತೇನಿ” ಎಂದು, ನನ್ನನ್ನೇ ನೋಡುತ್ತ ಇಡೀ ಪದವನ್ನು ಮತ್ತೆ ಹಾಡಿದರು. ಯಾವ ಚಕ್ರವರ್ತಿಗುಂಟು ಇಂಥ ಭಾಗ್ಯ!

ಆ ನುಡಿಯನ್ನು ಇದರಲ್ಲಿ ಬರೆದಿಲ್ಲ. ಬೇರೆ ಕಾಗದದಲ್ಲಿ, ಚೆಂದ ಅಕ್ಷರದಲ್ಲಿ ಕಳಿಸುತ್ತೇನೆ. ಕೂಸು ಶರೀಫಾಬಾಯಿಯ ದನಿ, ನಮ್ಮ ಅವ್ವನ ಧೈರ್ಯ ಹೊತ್ತು ನೂರು ವರ್ಷ ಬಾಳಲಿ. ಮೂಗು ಮಾತ್ರ ನನ್ನದು ಬಾರದಿರಲಿ. ಹಿರಿಯರಿಗೆ ಶರಣು, ಯಲ್ಲವ್ವನಿಗೆ ಆಶೀರ್ವಾದ.

ಇಂತಿ ನಿನ್ನ ತಮ್ಮ
ಮಲಕಪ್ಪ

ತಾ.ಕ.: ಮಾವ, ಇಲ್ಲಿಂದ ದನಿ ತಗ್ಗಿಸಿರಿ. ಅಕ್ಕನನ್ನು ಒಳಗೆ ಕರೆದು ಓದಿರಿ.

ಅಕ್ಕ, ನನಗೆ ಏನೂ ಕೇಳಲಿಲ್ಲ. ತುಕ್ಕು ಬಡಿದು ಬಡಿದು ಕಿವಿ ಹೋಗಿವೆ. ಹತ್ತಿರ ಬಂದು ಒದರಿದರೆ ಮಾತು ತಿಳಿಯುತ್ತದೆ, ಹಾಡು ತಿಳಿಯುವುದಿಲ್ಲ. ಅಲ್ಲಿ ಯಾರು ಏನೆಂದರೆಂಬುದನ್ನೆಲ್ಲ ಮೀರಾಸಾಬ ಆಮೇಲೆ ಹೇಳಿದ. ಬೆರಳು ನಿಂತದ್ದನ್ನು ಕಂಡು ಪದ ಮುಗಿಯಿತೆಂದುಕೊಂಡೆ. ನನಗಾಗಿಯೇ ಅವರು ಎರಡನೆಯ ಸಲ ಹಾಡುವಾಗ ಬರೀ ತುಟಿ ನೋಡುತ್ತ, ಕೇಳಿದವನಂತೆ ತಲೆದೂಗಿದೆ. ನುಡಿ ನಿನಗೆ ನೆನಪಿದೆಯೇನು ಎಂದು ಮೀರಾಸಾಬನನ್ನು ಕೇಳಿದರೆ, “ನೀ ಹಂಗ ಅಳಾಕತ್ತಿದ್ದಿ. ನಾ ನಿನ್ನ ನೋಡ್ಲೋ, ಪದಾ ಕೇಳ್ಲೋ?” ಎಂದ. ಅವನ ಹೊರತು ಯಾರಿಗೂ ಇದು ಗೊತ್ತಿಲ್ಲ. ಕೂಲಿ ಹಚ್ಚುವ ಮುಕಾದಮನಿಗೆ ತಿಳಿದರೆ ನಾಳೆಯೇ ಬೇರೆಯವನ ಕೈಗೆ ನನ್ನ ಸುತ್ತಿಗೆ.

ಶರೀಫಾಬಾಯಿ ಇನ್ನೂ ಕುಡಚಡೆಯಲ್ಲೇ ನೆಂಟರ ಮನೆಯಲ್ಲಿದ್ದಾರಂತೆ. ನಾಳೆ ಬೆಳಿಗ್ಗೆ ಮೊದಲ ರೈಲಿಗೆ ಹೋಗುತ್ತೇನೆ. ಮತ್ತೊಮ್ಮೆ ಹಾಡಿರೆಂದು ಬೇಡುತ್ತೇನೆ. ನುಡಿಯನ್ನು ಮೀರಾಸಾಬ ಬರೆದುಕೊಳ್ಳುತ್ತಾನೆ. ನಾನು ಅವರ ಹಾರ್ಮೋನಿಯಂ ಮೇಲೆ ಅಂಗೈ ಇಟ್ಟು ಕೂತಿರುತ್ತೇನೆ.